ಮೂರನೆಯ ಸಂಜೆಯ ಸೀರೆ

ಹುನಗುಂದ
14 ಆಗಸ್ಟ್ 2024

ಸುಂದರಾ,

ಶರಣು. ಕಳೆದ ವಾರ ನಿನಗೆ ಫೋನ್ ಮಾಡಿದ್ದೆ. ಪಕ್ಕದ ಮನೆಯ ಸುಲ್ತಾನಾ ಎತ್ತಿಕೊಂಡಳು. ಹಿಂದೆ ನೀನು ಏನೋ ಗದರಿದ್ದು ನನಗೂ ಕೇಳಿಸಿತು. ಆಮೇಲೆ ಅವಳು, “ಅಕ್ಕಾ ಮಾತಾಡೂದಿಲ್ಲಂತ್ರಿ. ಹೇಳೂದೇನರ ಇದ್ರ ಕಾಗದ ಬರೀಬೇಕಂತ್ರಿ,” ಎಂದಳು. ಹುನಗುಂದದಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಅಷ್ಟು ದೂರ ಬರಲು ನನಗೆ ಹನ್ನೊಂದು ವರ್ಷ ಹಿಡಿಯಿತು, ಅದೂ ಅಂಚೆಯಲ್ಲಿ.

ವಿಷಯ ಹೇಳುತ್ತೇನೆ, ನಗಬೇಡ. ನಮ್ಮವರ ಗೊಬ್ಬರದ ಅಂಗಡಿ ಈ ಸಲ ಎಲ್ಲರಿಗಿಂತ ಹೆಚ್ಚು ಮಾಲು ಮಾರಿದೆಯಂತೆ. ಕಂಪನಿಯವರು ಅಂಥ ಡೀಲರುಗಳನ್ನೆಲ್ಲ ಹೆಂಡತಿ ಸಮೇತ ಹಡಗಿನಲ್ಲಿ ತಿರುಗಾಡಿಸುತ್ತಾರೆ. ನವೆಂಬರಿನಲ್ಲಿ ಮುಂಬೈಯಿಂದ ಹೊರಟರೆ ಐದು ದಿನ ನೀರಿನ ಮೇಲೇ. ಹನ್ನೊಂದು ಅಂತಸ್ತಿನ ಹಡಗು, ಒಳಗೆ ಲಿಫ್ಟು ಬೇರೆ. ಕೃಷ್ಣಾ ಹೊಳೆ ದಾಟಲು ದೋಣಿ ಹತ್ತಿದರೆ ಕಣ್ಣು ಮುಚ್ಚಿಕೊಂಡು ಕೂರುವವಳು ನಾನು, ನಿನಗೆ ಗೊತ್ತು.

ಅಲ್ಲಿ ಒಂದೊಂದು ಸಂಜೆಗೆ ಒಂದೊಂದು ಉಡುಪು. ಮೊದಲ ಸಂಜೆ ಎಲ್ಲರೂ ಬಿಳಿ, ಎರಡನೆಯ ಸಂಜೆ ಹೂವಿನ ಚಿತ್ರದ ಬಟ್ಟೆ. ಮೂರನೆಯದಕ್ಕೆ ಫಾರ್ಮಲ್ ನೈಟ್ ಎನ್ನುತ್ತಾರೆ. ಗಂಡಸರಿಗೆ ಕರಿ ಕೋಟು, ಟೈ. ಹೆಂಗಸರಿಗೆ ನೆಲ ಗುಡಿಸುವಷ್ಟು ಉದ್ದನೆಯ ಗೌನು. ಹಾಗೆ ಬಾರದವರನ್ನು ದೊಡ್ಡ ಊಟದ ಕೋಣೆಯೊಳಗೆ ಬಿಡುವುದಿಲ್ಲವಂತೆ. ಆದರೆ ಕಂಪನಿಯವರು ಕೊಟ್ಟ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ಅವರವರ ನಾಡಿನ ಉಡುಪಾದರೂ ನಡೆಯುತ್ತದೆ. ಅದನ್ನು ಓದಿದಾಗ ನೀನು ನೆನಪಾದೆ.

ಇಲ್ಲ, ಇದು ಸುಳ್ಳು. ನೀನು ದಿನಾ ನೆನಪಾಗುತ್ತೀ. ನನ್ನ ಮಗ ಚೇತನಕುಮಾರನ ಮದುವೆಯ ದಿನ ನೀನು ನೀನೇ ನೇಯ್ದ ಸೀರೆ ಉಟ್ಟು ಬಾಗಲಕೋಟೆ ವಿದ್ಯಾಗಿರಿಯ ಕಲ್ಯಾಣ ಮಂಟಪಕ್ಕೆ ಬಂದಿದ್ದೆ. ಬೀಗರ ಕಡೆಯ ಹೆಂಗಸೊಬ್ಬಳು ನಿನ್ನನ್ನು ಕೆಲಸದವಳೆಂದು ತಿಳಿದು, “ಏ ಅವ್ವಾ, ಇವನ್ನ ಹಿಂದ ಒಯ್ದು ಇಡು,” ಎಂದು ಎಂಜಲು ತಾಟುಗಳನ್ನು ಕೈಗಿಟ್ಟಳು. ನೀನು ನನ್ನ ಕಡೆ ನೋಡಿದೆ. ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಇವಳು ನನ್ನ ಗೆಳತಿ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಬೀಗರ ಎದುರು ನನಗೆ ನಾಲಗೆಯೇ ಏಳಲಿಲ್ಲ. ನೀನು ತಾಟುಗಳನ್ನು ಹಿಂದೆ ಒಯ್ದಿಟ್ಟು, ಕೈ ತೊಳೆದುಕೊಂಡು, ಉಣ್ಣದೆ ಹೋದೆ.

ನನಗೊಂದು ಸೀರೆ ನೇಯ್ದು ಕೊಡು, ಸುಂದರಾ. ಆ ಮೂರನೆಯ ಸಂಜೆ ಕೋಟು ಗೌನುಗಳ ನಡುವೆ ನಿನ್ನ ಸೀರೆ ಉಟ್ಟೇ ಒಳಗೆ ಹೋಗುತ್ತೇನೆ. ಯಾರು ಕೇಳಿದರೂ ನಿನ್ನ ಹೆಸರು ಹೇಳುತ್ತೇನೆ. ಅಂದು ಆಡದ ಮಾತನ್ನು ಅಲ್ಲಾದರೂ ಆಡುತ್ತೇನೆ.

ಬೈದಾದರೂ ಉತ್ತರ ಬರೆ.

ನಿನ್ನ ಗುರುಲಿಂಗವ್ವ


ಇಳಕಲ್ಲ
29 ಆಗಸ್ಟ್ 2024

(ಸುಂದರವ್ವಕ್ಕ ಹೇಳಿದ್ದನ್ನು ಅವಳ ಬಾಯಲ್ಲಿ ಬಂದ ಹಾಗೆಯೇ ಬರೆದಿದ್ದೇನೆ. ತಿದ್ದಿದರೆ ಬೈಯುತ್ತಾಳೆ. – ಸುಲ್ತಾನಾ)

ಗುರವ್ವಾ,

ನಿನ್ನ ಕಾಗದ ಸುಲ್ತಾನಾ ಓದಿದಳು. ನಾ ಯಾಕ ಓದಲಿಲ್ಲ ಅಂದ್ರ, ನನ್ನ ಬಲಗಣ್ಣು ಹೋಗಿ ಎರಡ ವರ್ಷ ಆತು. ಎಡಗಣ್ಣಿಗೆ ಜರಡಿ ಹಿಡಕೊಂಡು ನೋಡಿದಂಗ ಕಾಣತೈತಿ. ಕಣ್ಣಿನ ನರಾ ಒಣಗೇತಿ, ಹೋದದ್ದು ತಿರುಗಿ ಬರೂದಿಲ್ಲ ಅಂತ ಬಾಗಲಕೋಟಿ ಡಾಕ್ಟರು ಹೇಳ್ಯಾರ. ಫೋನ್ಯಾಗ ಯಾಕ ಮಾತಾಡಲಿಲ್ಲ ಅಂದ್ರ, ನಿನ್ನ ದನಿ ಕೇಳಿದರ ಸಿಟ್ಟೂ ಬರತೈತಿ, ಅಳೂನೂ ಬರತೈತಿ. ಎರಡೂ ಕೂಡೇ ಬಂದ್ರ ನಾ ಏನ ಮಾಡ್ಲಿ? ಕಾಗದ ಆದ್ರ ನಡುವ ಸುಲ್ತಾನಾ ಇರತಾಳ.

ಸೀರಿ ನೇಯ್ತೇನಿ. ಇದು ನನ್ನ ಕಡೀ ಸೀರಿ. ದೀಪಾವಳಿ ತನಕಾ ಈ ಎಡಗಣ್ಣು ಇರತೈತೋ ಇಲ್ಲೋ. ಗಂಡಸರು ಕರೀ ಕೋಟ ಹಾಕೋತಾರಂತ ಬರದಿ. ಹಂಗಾರ ನೀ ಚಂದ್ರಕಾಳಿ ಉಡು. ಕರೀ ಒಡಲು, ಕೆಂಪ ಸೆರಗು, ಸೆರಗಿನಾಗ ಬಿಳೀ ತೆನಿ. ಅವರ ಕೋಟಿಗೆ ಸೆರಗ ಎಲ್ಲೈತಿ?

ಕಣ್ಣಿಲ್ಲದ ಹೆಂಗ ನೇಯ್ತಾಳ ಅಂತ ಚಿಂತಿ ಮಾಡಬ್ಯಾಡ. ಬಣ್ಣಾ ಸುಲ್ತಾನಾ ಹೇಳತಾಳ. ಒಡಲಿನ ಎಳಿಗೂ ಸೆರಗಿನ ಎಳಿಗೂ ಕೊಂಡಿ ಹಾಕೂದು ಬೆರಳಿನ ಕೆಲಸ, ಕಣ್ಣಿಂದಲ್ಲ. ನಿಮ್ಮ ಪಡಸಾಲ್ಯಾಗ ಇಬ್ಬರೂ ಎದರಾಬದರ ಕುಂತು ಕೊಂಡಿ ಹಾಕತಿದ್ದಿವಿ, ನೆನಪೈತೇನು? ನೀ ಮಾತಾಡಕೋತ ಎಳಿ ಬಿಡತಿದ್ದಿ, ನಾ ನಿನ್ನ ಕೈಮ್ಯಾಲ ಹೊಡೀತಿದ್ದೆ. ಸುಂದರವ್ವನ ಕೊಂಡಿ ಬಿಚ್ಚೇತಿ ಅಂತ ಈ ಓಣ್ಯಾಗ ಇವತ್ತಿನ ತನಕಾ ಯಾರೂ ಅಂದಿಲ್ಲ. ನನ್ನ ಕಡೆ ಇರೂದು ಅದೊಂದ ಹೆಸರು.

ಈಗ ನೀ ಬರಬ್ಯಾಡ. ಮೊದಲ ಆ ಮೂರನೇ ಸಂಜಿ ಸೀರಿ ಉಟಗೊಂಡು ಆ ಮಂದಿ ಮುಂದ ಹೋಗು. ಆಮ್ಯಾಲ ಅದ ಸೀರಿ ಉಟಗೊಂಡು ನಮ್ಮ ಮನಿಗೆ ಬಾ. ನಾ ಕೈಲೆ ಮುಟ್ಟಿ ನೋಡತೇನಿ. ಆ ದಿನ ತಾಟಿನ ಮಾತು ಮರೀತೇನಿ. ಅಲ್ಲೀ ತನಕಾ ಮರಿಯೂದಿಲ್ಲ.

ಸುಂದರವ್ವ


ಹುನಗುಂದ
21 ಅಕ್ಟೋಬರ್ 2024

ಸುಂದರಾ,

ಸೀರೆ ತಲುಪಿತು. ನಿನ್ನ ಮಗಳು ರಾಮವ್ವ ಅಂಗಡಿಗೇ ತಂದುಕೊಟ್ಟಳು. ನಿನ್ನ ಮೂಗು, ನಿನ್ನದೇ ಬಿರುಸು. ಚಹಾ ಕುಡಿದು ಹೋಗು ಎಂದರೆ, “ಅವ್ವ ಕೊಟ್ಟು ಬಾ ಅಂದಾಳ್ರಿ, ಕುಂಡ್ರು ಅಂದಿಲ್ರಿ,” ಎಂದು ಹೊರಟೇಬಿಟ್ಟಳು.

ಸೀರೆಯ ಮಡಿಕೆ ಬಿಚ್ಚಿಲ್ಲ. ಮೇಲಿಂದಲೇ ಕೈಯಾಡಿಸಿದೆ. ಹೊಸ ಗಂಜಿಯ ವಾಸನೆ ಮೂಗಿಗೆ ಬಡಿದು ನಮ್ಮ ಪಡಸಾಲೆಯೇ ಎದುರು ಬಂದಂತಾಯಿತು. ಆ ಸಂಜೆಯೇ ಬಿಚ್ಚಿ, ಅಲ್ಲೇ ಮೊದಲ ಸಲ ಉಡುತ್ತೇನೆ. ಸುಲ್ತಾನಾ ಹೊಲಿದು ಕಳಿಸಿದ ಖಣದ ಕುಪ್ಪಸವನ್ನೂ ಅದರ ಜೊತೆಗೇ ಇಟ್ಟಿದ್ದೇನೆ.

ಸೊಸೆ ಹುಬ್ಬಳ್ಳಿಯಿಂದ ನನಗೊಂದು ಗೌನು ತಂದಿದ್ದಾಳೆ. ನೀಲಿ ಬಣ್ಣ, ಮೈತುಂಬ ಚಮಕಿ. ನಾನು ಹಾಕುವುದಿಲ್ಲ ಎಂದೆ. ನಮ್ಮವರು, “ಇರ್ಲಿ ಬಿಡು, ಪೆಟ್ಟಿಗ್ಯಾಗ ಜಾಗಾ ಐತಿ,” ಎಂದು ಅದನ್ನೂ ಒಳಗೆ ತುರುಕಿದರು. ಅವರಿಗೆ ಅವರದೇ ಚಿಂತೆ. ಮಗನ ಮದುವೆಯ ಕೋಟು ಈಗ ಹೊಟ್ಟೆಯ ಮೇಲೆ ಕೂಡುತ್ತಿಲ್ಲ. ದಿನಾ ಉಸಿರು ಹಿಡಿದು ಗುಂಡಿ ಹಾಕಿ ನೋಡುತ್ತಾರೆ.

ಹೋಗಿ ಬಂದು ಬರೆಯುತ್ತೇನೆ. ಅಲ್ಲ, ಬಂದೇ ಹೇಳುತ್ತೇನೆ.

ನಿನ್ನ ಗುರುಲಿಂಗವ್ವ


ಹುನಗುಂದ
24 ನವೆಂಬರ್ 2024

ಸುಂದರಾ,

ಉಟ್ಟೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಎರಡೂ ಕಡೆಯಿಂದ ಮೆಟ್ಟಿಲು ಇಳಿದು ಬರುವ ದೊಡ್ಡ ಪಡಸಾಲೆ ಅದು. ಮೇಲೆ ಗಾಜಿನ ದೀಪಗಳ ಗೊಂಚಲು. ಬಾಗಿಲಲ್ಲಿ ಕರಿ ಕೋಟಿನವನೊಬ್ಬ ನಿಂತು ಬಂದವರನ್ನೆಲ್ಲ ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಬಿಡುತ್ತಿದ್ದ. ತಲೆಬಾಗಿ, “ವೆಲ್‌ಕಮ್ ಮೇಡಂ,” ಎಂದ. ಒಳಗೆ ಎಲ್ಲರೂ ತಿರುಗಿ ನೋಡಿದರು. ಬೆಳ್ಳಿ ಕೂದಲಿನ ವಿದೇಶಿ ಹೆಂಗಸೊಬ್ಬಳು ಹತ್ತಿರ ಬಂದು, ಮುಟ್ಟಲೇ ಎಂದು ಕೇಳಿ, ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದಳು. ಇದು ಯಾವ ಯಂತ್ರದ್ದು ಎಂದಳು. ಯಂತ್ರವಲ್ಲ, ನನ್ನ ಗೆಳತಿ ಎಂದೆ. ನಿನ್ನ ಹೆಸರನ್ನು ಅವಳಿಂದ ಎರಡು ಸಲ ಹೇಳಿಸಿದೆ.

ಊಟಕ್ಕೆ ಐದು ಚಮಚ ಇಟ್ಟಿದ್ದರು. ಯಾವುದು ಯಾವುದಕ್ಕೆಂದು ತಿಳಿಯದೆ ನಮ್ಮವರು ಎಲ್ಲದಕ್ಕೂ ಒಂದನ್ನೇ ಹಿಡಿದರು.

ಬರಬೇಕೆಂದೇ ಇದ್ದೆ. ಈಗ ಹಿಂಗಾರಿ ಪೀಕಿಗೆ ಗೊಬ್ಬರ ಒಯ್ಯುವ ಕಾಲ, ಅಂಗಡಿಯಲ್ಲಿ ಕೈಬಿಡುವಿಲ್ಲ. ಮೊಣಕಾಲೂ ಹಿಡಿದುಕೊಂಡಿದೆ. ಸ್ವಲ್ಪ ತಡೆದು ಬರುತ್ತೇನೆ.

ನಿನ್ನ ಗುರುಲಿಂಗವ್ವ


ಇಳಕಲ್ಲ
6 ಡಿಸೆಂಬರ್ 2024

ಗುರವ್ವಾ,

ನಿನ್ನ ಕಾಗದ ಮೂರ ಸರ್ತಿ ಓದಿಸೀನಿ. ನಾಲ್ಕನೇ ಸರ್ತಿಗೆ ಸುಲ್ತಾನಾ ಅಕ್ಷರಾ ನೋಡದನ ಹೇಳಿಬಿಟ್ಟಳು. ಓಣ್ಯಾಗ ಎಲ್ಲಾರಿಗೂ ಹೇಳೀನಿ, ನನ್ನ ಸೀರಿ ಸಮುದ್ರದ ಮ್ಯಾಲ ಹೋಗಿ ಬಂತು ಅಂತ. ಯಂತ್ರ ಅಲ್ಲ, ನನ್ನ ಗೆಳತಿ ಅಂದೆಲ್ಲ, ಆ ಮಾತಿಗೆ ಭಾಳ ಹೊತ್ತು ಅತ್ತೆ. ಸಿಟ್ಟ ಬರಲಿಲ್ಲ, ಬರೇ ಅಳು ಬಂತು.

ಎಡಗಣ್ಣು ದೀಪಾವಳಿಗೇ ಹೋತು. ಅದರ ಮಾತ ಬಿಡು. ಊಟಕ್ಕ ಕುಂತಾಗ ಸೆರಗು ಭುಜದ ಮ್ಯಾಲ ಹೊಚಕೊಂಡಿದ್ದೇನು, ನಡಕ್ಕ ಸಿಗಿಸಿದ್ದೇನು? ಬರಿ.

ಮೊಣಕಾಲಿಗೆ ಉಪ್ಪಿನ ಕಾವು ಕೊಡು. ಕಾಲ ಕಡಿಮಿ ಆಗೂದ ತಡಾ, ಸೀರಿ ಉಟಗೊಂಡು ಬಾ.

ಸುಂದರವ್ವ


ಇಳಕಲ್ಲ
12 ಜನವರಿ 2025

ಗುರುಲಿಂಗವ್ವ ಅಕ್ಕನವರಿಗೆ ಸುಲ್ತಾನಾ ಮಾಡುವ ನಮಸ್ಕಾರಗಳು.

ಈ ಕಾಗದ ನನ್ನದು. ಸುಂದರವ್ವಕ್ಕನಿಗೆ ಗೊತ್ತಿಲ್ಲ.

ನಿಮ್ಮ ಗೊಬ್ಬರದ ಕಂಪನಿ ಹೊಸ ವರ್ಷದ ಕ್ಯಾಲೆಂಡರ್ ಮಾಡಿಸಿದೆ. ಇಲ್ಲಿಯ ಅಂಗಡಿಗಳಲ್ಲೂ ಬಂದವರಿಗೆಲ್ಲ ಹಂಚುತ್ತಿದ್ದಾರೆ. ಅದರಲ್ಲಿ ಹಡಗಿನ ಮೆಟ್ಟಿಲ ಮೇಲೆ ನಿಂತ ಡೀಲರುಗಳ ಫೋಟೊ ಇದೆ, ಫಾರ್ಮಲ್ ನೈಟ್ ಎಂದು ಬರೆದಿದ್ದಾರೆ. ಎರಡನೆಯ ಸಾಲಿನಲ್ಲಿ ನೀವಿದ್ದೀರಿ. ಮೈಮೇಲೆ ಚಮಕಿಯ ನೀಲಿ ಗೌನು.

ಯಾರೋ ಅಕ್ಕನ ಮುಂದೆ, ನಿನ್ನ ಗೆಳತಿ ಕ್ಯಾಲೆಂಡರಿನಲ್ಲಿ ಬಂದಿದ್ದಾಳೆ ಎಂದರು. ನಾನು ಅದನ್ನು ತರುವವರೆಗೂ ಅಕ್ಕ ಬಿಡಲಿಲ್ಲ. ತಂದೆ. ಗೋಡೆಗೆ ಹಾಕಿಸಿದಳು. “ಗುರವ್ವ ಎಲ್ಲದಾಳ? ನನ್ನ ಬೆರಳ ಇಡು,” ಎಂದಳು. ಇಟ್ಟೆ. “ಸೆರಗ ಕಾಣತೈತೇನ?” ಎಂದಳು. ನಾನು ಹೂಂ ಅಕ್ಕಾ, ಕೆಂಪಗೆ ಚೊಲೊ ಕಾಣುತ್ತದೆ ಎಂದೆ. ಸ್ವಲ್ಪ ಹೊತ್ತು ಬೆರಳನ್ನು ಅಲ್ಲೇ ಇಟ್ಟಿದ್ದಳು. ಆಮೇಲೆ ಒಳಗೆ ಹೋಗಿ ಮಲಗಿದಳು.

ಅಕ್ಕಾ, ನಾನು ಕುಪ್ಪಸ ಹೊಲಿದು ಬದುಕುವವಳು. ಹೇಳಿದ್ದನ್ನು ಬರೆಯುತ್ತೇನೆ, ಬರೆದದ್ದನ್ನು ಓದುತ್ತೇನೆ. ನಿಮ್ಮ ಸುಳ್ಳನ್ನು ನಾಲ್ಕು ಸಲ ನನ್ನ ಬಾಯಿಂದ ಓದಿದೆ. ಐದನೆಯದನ್ನು ನಾನೇ ಹೇಳಿದೆ. ಇನ್ನು ನನ್ನಿಂದ ಆಗುವುದಿಲ್ಲ. ಖರೆ ಬರೆಯುವುದಿದ್ದರೆ ಬರೆಯಿರಿ. ಇಲ್ಲದಿದ್ದರೆ ಓದಲು ಬೇರೆಯವರನ್ನು ಹುಡುಕಿರಿ.

ಸುಲ್ತಾನಾ


ಹುನಗುಂದ
20 ಜನವರಿ 2025

ಸುಂದರಾ,

ಸುಲ್ತಾನಾ ಇದನ್ನು ಓದುವಾಗ ನಡುವೆ ನಿಲ್ಲಿಸಬೇಡ, ಕಡೆಯವರೆಗೆ ಕೇಳು.

ನಾನು ನಿನ್ನ ಸೀರೆ ಉಡಲಿಲ್ಲ.

ಆ ಸಂಜೆ ಹಡಗಿನ ಕೋಣೆಯ ಮಂಚದ ಮೇಲೆ ಒಂದು ಕಡೆ ಸೀರೆ, ಒಂದು ಕಡೆ ಗೌನು ಇಟ್ಟುಕೊಂಡು ಕೂತಿದ್ದೆ. ನಮ್ಮವರು ಟೈ ಕಟ್ಟಲು ಬಾರದೆ ಪಕ್ಕದ ಕೋಣೆಯವರನ್ನು ಕರೆಯಲು ಹೋಗಿದ್ದರು. ಸೀರೆ ಉಡಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಸೊಸೆಯ ಮೇಲೋ ಗಂಡನ ಮೇಲೋ ಹಾಕಿದರೆ ಅದೊಂದು ಪಾಪ ಬೇರೆ. ಬಾಗಿಲು ತುಸು ತೆರೆದು ಹೊರಗೆ ನೋಡಿದೆ. ಡೀಲರುಗಳ ಹೆಂಡಂದಿರು ಥಳಥಳ ಹೊಳೆಯುತ್ತ ಲಿಫ್ಟಿನ ಕಡೆಗೆ ಹೊರಟಿದ್ದರು. ಹಡಗಿನ ಕೆಲಸದ ಹೆಂಗಸೊಬ್ಬಳು ಎಂಜಲು ತಾಟುಗಳನ್ನು ಹಿಡಿದುಕೊಂಡು, ಗೋಡೆಗೆ ಮೈ ಒತ್ತಿ, ಅವರಿಗೆ ದಾರಿ ಬಿಟ್ಟು ನಿಂತಿದ್ದಳು. ಒಬ್ಬರೂ ಅವಳ ಮುಖ ನೋಡಲಿಲ್ಲ. ಅಂದು ನಿನ್ನ ಕೈಗೆ ಬಂದ ತಾಟು ಇಂದು ನನ್ನ ಕೈಗೂ ಬರುತ್ತದೆ ಅನ್ನಿಸಿತು. ಬಾಗಿಲು ಹಾಕಿಕೊಂಡು ಗೌನು ತೊಟ್ಟೆ. ನಿನ್ನ ಸೀರೆ ಬಿಚ್ಚದೆಯೇ ಪೆಟ್ಟಿಗೆಯೊಳಗೆ ಹೋಯಿತು.

ನನ್ನ ಹಿಂದೆಯೇ ಕೇರಳದ ಮುದುಕಿಯೊಬ್ಬಳು ಅವರ ಕಡೆಯ ಬಿಳಿ ಸೀರೆ ಉಟ್ಟು ಬಂದಳು. ಬಾಗಿಲಿನವನು ತಲೆಬಾಗಿದ್ದು ಅವಳಿಗೆ. ಆ ವಿದೇಶಿ ಹೆಂಗಸು ಮುಟ್ಟಿ ನೋಡಿದ್ದು ಅವಳ ಸೆರಗನ್ನು. ಯಂತ್ರವೇ ಎಂದು ಕೇಳಿದ್ದೂ ಅವಳನ್ನೇ. ‘ನನ್ನ ಗೆಳತಿ’ ಎಂಬ ಮಾತೊಂದೇ ನನ್ನದು, ಅದನ್ನು ಅಲ್ಲಿ ಯಾರ ಮುಂದೂ ಆಡಲಿಲ್ಲ. ಹುನಗುಂದಕ್ಕೆ ಬಂದು ಕಾಗದದಲ್ಲಿ ಆಡಿದೆ. ಅವರು ಬಿಡುತ್ತಿದ್ದರು, ಸುಂದರಾ. ಒಳಗೆ ಬಿಡದಿದ್ದವಳು ನಾನು.

ಮೊಣಕಾಲು ನೆಟ್ಟಗಿದೆ. ಉಡದ ಸೀರೆಯನ್ನು ಉಟ್ಟೆನೆಂದು ಸುಳ್ಳು ಹೇಳಿ, ಅದನ್ನೇ ಉಟ್ಟುಕೊಂಡು ನಿನ್ನ ಮುಂದೆ ಬರಲು ಮುಖವಿರಲಿಲ್ಲ, ಅಷ್ಟೇ. ನಿನ್ನನ್ನು ಎರಡು ಸಲ ಬಿಟ್ಟುಕೊಟ್ಟೆ. ಏನು ಬರೆದರೂ ಸರಿ, ಏನೂ ಬರೆಯದಿದ್ದರೂ ಸರಿ.

ಗುರುಲಿಂಗವ್ವ


ಇಳಕಲ್ಲ
4 ಫೆಬ್ರವರಿ 2025

ಗುರವ್ವಾ,

ಸುಲ್ತಾನಾ ಓದಕೋತ ಎರಡ ಕಡೆ ನಿಂತಳು. ನಾನ ಓದು ಓದು ಅಂದೆ.

ನೀ ಆ ಸೀರಿ ಉಡದಿದ್ದದ್ದ ಚೊಲೊ ಆತು. ಹೇಳಬಾರದು ಅಂತಿದ್ದೆ, ಈಗ ಹೇಳತೇನಿ. ಆ ಕೊಂಡಿ ಕೂಡಿಲ್ಲ. ಕಣ್ಣಿಲ್ಲದ ಹಾಕಿದ್ನೆಲ್ಲ, ನಡುವ ಎರಡ ಬೆರಳ ಅಗಲ ಎಳಿ ತಪ್ಪಿದ್ದವು. ಬಿಚ್ಚಿ ಮತ್ತ ಹಾಕಾಕ ಕೈ ಸೋತಿದ್ದವು. ಗಂಜಿ ದಪ್ಪ ಹಚ್ಚಿ ಮುಚ್ಚಿ ಕಳಿಸಿದೆ. ನೀ ಉಟಗೊಂಡು ನಾಕ ಹೆಜ್ಜಿ ಹಾಕಿದ್ರ ಆ ಮಂದಿ ಮುಂದ ಸೆರಗ ಕಳಚಿ ಬೀಳತಿತ್ತು. ಕಳಿಸಿದಾಗಿಂದ ನನಗ ಅದ ಹೆದರಿಕಿ. ದೇವರು ದೊಡ್ಡಾಂವ, ನಿನ್ನ ಮಾನಾ ಉಳಿಸಿದ.

ಹಿಂಗಾಗಿ ನಿಂದೇನೂ ತಪ್ಪಿಲ್ಲ. ನಂದ ತಪ್ಪು. ಅದನ್ನ ಬಿಚ್ಚಿ ನೋಡಬ್ಯಾಡ, ನನಗ ನಾಚಿಕಿ. ಟ್ರಂಕಿನ ಬುಡಕ್ಕ ಇರ್ಲಿ.

ತಾಟಿನ ಮಾತು ಇವತ್ತಿಗೆ ಮರತೆ. ನೀ ಯಾವ ಸೀರಿ ಉಟಗೊಂಡ ಬಂದ್ರೂ ನಡೀತೈತಿ, ಗೌನ ಹಾಕ್ಕೊಂಡ ಬಂದ್ರೂ ನಡೀತೈತಿ. ನನಗೇನ ಕಾಣತೈತೇನು? ಲಗೂನ ಬಾ. ನಾಕ ದಿನದಿಂದ ಜ್ವರ ಅದಾವು. ಬಾಯಿಗೆ ರುಚಿ ಇಲ್ಲ. ಬರುವಾಗ ಅಮೀನಗಡದ ಕರದಂಟು ತಗೊಂಡ ಬಾ, ಚೂರು ಹಲ್ಲಾಗ ಇಟಗೋತೇನಿ.

ಸುಂದರವ್ವ


ಹುನಗುಂದ
21 ಫೆಬ್ರವರಿ 2025

ಸುಂದರಾ,

ಈ ಕಾಗದವನ್ನು ಸುಲ್ತಾನಾಳಿಗೆ ಕಳಿಸುತ್ತಿದ್ದೇನೆ. ನಿನ್ನ ಮಗ್ಗದ ಮುಂದೆ ಕೂತು, ದೊಡ್ಡ ದನಿಯಲ್ಲಿ ಓದು ಎಂದು ಕೇಳಿಕೊಂಡಿದ್ದೇನೆ. ಎಂದಿನಂತೆ ಓದುತ್ತಾಳೆ.

ನಿನ್ನ ಕಾಗದ ಶುಕ್ರವಾರ ಬಂತು. ಸೋಮವಾರ ಬರುವುದೆಂದು ಗೊತ್ತುಮಾಡಿಕೊಂಡೆ. ಶನಿವಾರ ಅಮೀನಗಡಕ್ಕೆ ಹೋಗಿ ಕರದಂಟು ತಂದೆ. ಭಾನುವಾರ ಮುಂಜಾನೆ ಸುಲ್ತಾನಾ ಫೋನ್ ಮಾಡಿದಳು. “ಅಕ್ಕ ರಾತ್ರಿ ಹೋಗಿಬಿಟ್ಟಳ್ರಿ,” ಎಂದಳು. ಶುಕ್ರವಾರವೇ ಬಸ್ಸು ಹತ್ತಿದ್ದರೆ ನಿನ್ನ ಕೈ ಹಿಡಿಯುತ್ತಿದ್ದೆ. ಎರಡು ದಿನ ಏಕೆ ತಡೆದೆನೋ, ಹನ್ನೊಂದು ವರ್ಷ ತಡೆದವಳಿಗೆ ಅದು ಹೆಚ್ಚೆನಿಸಲಿಲ್ಲವೇನೋ. ಅಂದು ಕೈಗೆ ಸಿಕ್ಕ ಸೀರೆಯಲ್ಲಿ ಓಡಿ ಬಂದೆ. ಹಣೆತುಂಬ ವಿಭೂತಿ ಹಚ್ಚಿ ನಿನ್ನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ತಲೆಯ ಮೇಲೆ ಆ ಕ್ಯಾಲೆಂಡರ್ ತೂಗುತ್ತಿತ್ತು. ಯಾರ ಕಡೆಗೂ ನೋಡಲಾಗದೆ ಬೇಗ ಎದ್ದು ಬಂದೆ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ನಿನ್ನ ಸೀರೆಯನ್ನೇ ಉಡಬೇಕೆಂದುಕೊಂಡೆ. ಬಿಚ್ಚಬೇಡ ಎಂದಿದ್ದೆ ನೀನು. ಹರಿದಿದ್ದರೆ ಹರಿದಿರಲಿ, ಬಿಟ್ಟ ಎಳೆಗಳನ್ನು ಸೂಜಿಯಿಂದ ಹಿಡಿದುಕೊಂಡರಾಯಿತು ಎಂದು ಟ್ರಂಕು ತೆರೆದೆ. ಗಂಜಿ ಬಿಡಲೆಂದು ಕೊಂಡಿಯ ಜಾಗವನ್ನು ನೀರಿನಲ್ಲಿ ನೆನೆಸಿದೆ. ಹಿತ್ತಲ ಬಿಸಿಲಿಗೆ ಹಿಡಿದು ಈ ಅಂಚಿನಿಂದ ಆ ಅಂಚಿನವರೆಗೆ ಒಂದೊಂದೇ ಎಳೆಯನ್ನು ಬೆರಳಿನಿಂದ ತಡವಿದೆ. ಕೆಲಸ ಬಿಟ್ಟು ನಲವತ್ತು ವರ್ಷವಾದರೂ ನನ್ನ ಬೆರಳಿಗೆ ಅದಿನ್ನೂ ಗೊತ್ತು. ಒಂದೂ ತಪ್ಪಿರಲಿಲ್ಲ. ಮತ್ತೆ ಮೊದಲಿನಿಂದ ನೋಡಿದೆ. ಒಡಲನ್ನು ಒಂದು ಕೈಯಲ್ಲಿ, ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಕಾಲು ಕೊಟ್ಟು ಎಳೆದೆ. ನೀರು ತೊಟ್ಟಿಕ್ಕಿತು, ಕೊಂಡಿ ಅಲುಗಲಿಲ್ಲ.

ಐವತ್ತು ವರ್ಷ ನಿನ್ನ ಕೊಂಡಿಯಲ್ಲಿ ಯಾರೂ ತಪ್ಪು ಹಿಡಿಯಲಿಲ್ಲ. ಕಡೆಗೆ ನೀನೇ ಹಿಡಿದೆ. ನನಗೆ ನಿನ್ನ ಮನೆಗೆ ಬರಲು ಮುಖವಿರಲಿ ಎಂದು ನಿನ್ನ ಇದ್ದೊಂದು ಹೆಸರನ್ನು ಕೆಡಿಸಿಕೊಂಡೆ. ಹಿತ್ತಲಲ್ಲಿ ನಾನು ಅತ್ತದ್ದಕ್ಕೆ ಪಕ್ಕದ ಮನೆಯವರು ಓಡಿ ಬಂದರು.

ಆ ಸೀರೆ ಉಟ್ಟೇ ಬಸ್ಸು ಹತ್ತಿದೆ. ನಿಮ್ಮ ಬಾಗಿಲಲ್ಲಿ ಸುಲ್ತಾನಾ ನನ್ನನ್ನು ನೋಡಿದಳು, ಸೆರಗು ನೋಡಿದಳು, ಒಳಗೆ ಹೋಗಿಬಿಟ್ಟಳು. ಅಂಗಳದಲ್ಲಿ ಊಟದ ಸಾಲು ಎದ್ದಿತ್ತು. ಗುಡೂರಿನ ಕಡೆಯ ಹುಡುಗಿಯೊಬ್ಬಳು, ನಿನ್ನ ರಾಮವ್ವನ ನಾದಿನಿಯಂತೆ, ನನ್ನನ್ನು ಅಡಿಗೆಯವರ ಪೈಕಿ ಎಂದುಕೊಂಡಳು. “ಅವ್ವಾ, ಇವನ್ನ ಅಷ್ಟು ಹಿಂದ ಒಯ್ದು ಇಡ್ರಿ,” ಎಂದು ತಾಟುಗಳನ್ನು ಕೈಗಿಟ್ಟಳು. ರಾಮವ್ವ ನೋಡಿ, “ಏ, ಅವರು ಅವ್ವನ ಗೆಳತಿ!” ಎಂದು ಕೂಗಿದಳು. ಒಂದೇ ಮಾತು, ಎಷ್ಟು ಸಲೀಸಾಗಿ ಅಂದಳು. ಇರಲಿ ಬಿಡವ್ವಾ ಎಂದು ನಾನು ತಾಟುಗಳನ್ನು ಹಿಂದೆ ಒಯ್ದೆ, ತೊಳೆದೆ, ಮುಂದಿನ ಸಾಲಿಗೆ ತಂದು ಹಾಕಿದೆ. ಸಂಜೆಯವರೆಗೂ ಬಡಿಸಿದೆ, ಎತ್ತಿದೆ, ಬಗ್ಗಿದೆ, ಎದ್ದೆ.

ಊಟಕ್ಕೆ ಕೂತಾಗ ಸೆರಗು ಎಲ್ಲಿತ್ತು ಎಂದು ಕೇಳಿದ್ದೆಯಲ್ಲ. ನಡುವಿಗೆ ಬಿಗಿದು ಸಿಗಿಸಿದ್ದೆ. ಒಂದು ಎಳೆಯೂ ಬಿಡಲಿಲ್ಲ, ಸುಂದರಾ.

ನಿನ್ನ ಗೆಳತಿ
ಗುರುಲಿಂಗವ್ವ